ದಾರಿ ಫೋನಿನಲ್ಲಿ, ಕೆಲಸ ಲ್ಯಾಬಿನಲ್ಲಿ: ಹೈಸ್ಕೂಲು ರಸಾಯನಶಾಸ್ತ್ರದ ಪ್ರಯೋಗ ಕಲಿಸಲು ಒಂದು ಸಮಗ್ರ ಮಾರ್ಗದರ್ಶಿ

ಹತ್ತನೇ ತರಗತಿಯ ಒಂದು ಸೆಕ್ಷನ್ನಿನಲ್ಲಿ 50 ಮಕ್ಕಳು. ಪೀರಿಯಡ್ 40 ನಿಮಿಷದ್ದು. ಹಾಜರಿ, ಪ್ರಯೋಗದ ಉದ್ದೇಶ, ಸಾಮಗ್ರಿಗಳ ಪಟ್ಟಿ, ವಿಧಾನ, ಬೋರ್ಡಿನ ಮೇಲೊಂದು ಚಿತ್ರ. ಇಷ್ಟಾಗುವಾಗ 25 ನಿಮಿಷ ಹೋಗಿರುತ್ತದೆ. ಉಳಿದ ಹೊತ್ತಿನಲ್ಲಿ ಮೇಷ್ಟ್ರು ಒಂದು ಪ್ರನಾಳ ಎತ್ತಿ ಹಿಡಿದು ತೋರಿಸುತ್ತಾರೆ. ಮುಂದಿನ ಎರಡು ಬೆಂಚಿನವರಿಗೆ ಕಾಣುತ್ತದೆ. ಹಿಂದಿನವರು ಮುಂದಿನವರ ನೋಟ್‌ಬುಕ್ ನೋಡಿ ಬರೆದುಕೊಳ್ಳುತ್ತಾರೆ. ನಾನೂ ಬಹಳ ವರ್ಷ ಹೀಗೇ ಕಲಿಸಿದ್ದೇನೆ.

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು. ಆಮೇಲೆ ಮಕ್ಕಳಿದ್ದಲ್ಲಿಗೇ ಹೋಗಿ ಕಲಿಸುವ ಸರ್ಕಾರದ ವಿದ್ಯಾಗಮ ಬಂತು, ಚಂದನ ವಾಹಿನಿಯಲ್ಲಿ ಪಾಠ ಬಂತು, ಪ್ರತಿ ತರಗತಿಗೂ ಒಂದು ವಾಟ್ಸ್ಆ್ಯಪ್ ಗ್ರೂಪ್ ಆಯಿತು. ಪಾಠ ಹೇಗೋ ನಡೆಯಿತು, ಪ್ರಯೋಗ ಮಾತ್ರ ನಿಂತೇ ಹೋಯಿತು. ಶಾಲೆ ತೆರೆದ ಮೇಲೆ ನಮ್ಮಲ್ಲಿ ಅನೇಕರು ಫೋನ್ ಪಕ್ಕಕ್ಕಿಟ್ಟು ಹಳೆಯ ಕ್ರಮಕ್ಕೆ ಮರಳಿದೆವು. ಆದರೆ ಆಗ ಕಲಿತ ಒಂದು ವಿಷಯವನ್ನು ಬಿಡಬಾರದು. ಆ 25 ನಿಮಿಷದ ಮಾತನ್ನು ಮೊದಲೇ ಮನೆಗೆ ಕಳಿಸಬಹುದು. ಆಗ 40 ನಿಮಿಷವೂ ಮಕ್ಕಳ ಕೈಗೆ ಸಿಗುತ್ತದೆ.

ಸಾಮಾನ್ಯ ಲ್ಯಾಬ್, ಒಂದು ಸ್ಮಾರ್ಟ್‌ಫೋನ್, ಸ್ವಲ್ಪ ತಯಾರಿ ಇರುವ ಯಾವ ವಿಜ್ಞಾನ ಶಿಕ್ಷಕರೂ ಇದನ್ನು ಮಾಡಬಹುದು. ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

ಹೆಜ್ಜೆ 1: ಯಾವುದು ತೆರೆಗೆ, ಯಾವುದು ಕೈಗೆ

ಜೂನ್ ತಿಂಗಳಲ್ಲೇ ಪಠ್ಯಪುಸ್ತಕ ತೆರೆದು ಎಲ್ಲ ಚಟುವಟಿಕೆಗಳನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಿ: ಇದನ್ನು ಮಗು ಕೈ, ಮೂಗು, ಕಿವಿಯಿಂದ ಕಲಿಯುತ್ತದೆಯಾ? ಹೌದಾದರೆ ಅದು ಲ್ಯಾಬಿಗೆ. ಅಪಾಯದ್ದು, ತುಂಬಾ ನಿಧಾನದ್ದು, ಅಥವಾ ಕಣ್ಣಿಗೆ ಕಾಣದ್ದು ಆದರೆ ತೆರೆಗೆ.

ಸೀಸದ ನೈಟ್ರೇಟನ್ನು ಕಾಯಿಸಿದರೆ ಕಂದು ಬಣ್ಣದ ಹೊಗೆ ಬರುತ್ತದೆ. ಅದು ನೈಟ್ರೋಜನ್ ಡೈಆಕ್ಸೈಡ್, ಉಸಿರಾಟಕ್ಕೆ ಕೆಟ್ಟದ್ದು. ಸೀಸವಂತೂ ವಿಷ. ಇದನ್ನು ವಿಡಿಯೋದಲ್ಲೇ ತೋರಿಸಿ. ಸೀಸದ ನೈಟ್ರೇಟ್ ಮತ್ತು ಪೊಟ್ಯಾಸಿಯಂ ಅಯೋಡೈಡ್ ಸೇರಿ ಹಳದಿ ಪ್ರಕ್ಷೇಪ (ಕರಗದೆ ತಳ ಸೇರುವ ಪುಡಿ) ಆಗುವುದೂ ನೋಡಲು ತುಂಬಾ ಚೆಂದ. ಆದರೆ ಅದನ್ನೂ ತೆರೆಗೆ ಬಿಡಿ. ಮಕ್ಕಳ ಕೈಗೆ ತಾಮ್ರದ ಸಲ್ಫೇಟ್ ಮತ್ತು ದುರ್ಬಲಗೊಳಿಸಿದ ಸೋಡಿಯಂ ಹೈಡ್ರಾಕ್ಸೈಡ್ ಕೊಟ್ಟರೆ ತಿಳಿನೀಲಿ ಪ್ರಕ್ಷೇಪ ಬರುತ್ತದೆ. ಕಲಿಯಬೇಕಾದ ಪಾಠ ಅದರಲ್ಲೂ ಇದೆ.

ಇನ್ನು ಮೆಗ್ನೀಸಿಯಂ ಪಟ್ಟಿ. ಇದನ್ನು ವಿಡಿಯೋದಲ್ಲಿ ತೋರಿಸಿದರೆ ಸಾಕು ಅಂತ ಅನ್ನಿಸಬಹುದು. ಸಾಲದು. ಆ ಬೆಳಕನ್ನು ಫೋನಿನ ಕ್ಯಾಮೆರಾ ಹಿಡಿಯುವುದೇ ಇಲ್ಲ, ಬರೀ ಬಿಳಿ ಚುಕ್ಕೆ ಕಾಣುತ್ತದೆ. ಎರಡು ಸೆಂಟಿಮೀಟರ್ ಪಟ್ಟಿಯನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಇಕ್ಕಳದಲ್ಲಿ ಹಿಡಿದು ನೀವೇ ಉರಿಸಿ. ಜ್ವಾಲೆಯನ್ನು ನೇರವಾಗಿ ನೋಡದೆ, ಗೋಡೆಯ ಮೇಲೆ ಬೀಳುವ ಬೆಳಕನ್ನು ನೋಡಲು ಮಕ್ಕಳಿಗೆ ಹೇಳಿ. ಉಳಿದ ಬಿಳಿ ಪುಡಿಯನ್ನು ಒದ್ದೆ ಕೆಂಪು ಲಿಟ್ಮಸ್ ಮೇಲೆ ಅವರೇ ಇಡಲಿ. ಆಲ್ಕೋಹಾಲ್ ಮತ್ತು ಆಮ್ಲ ಸೇರಿ ಎಸ್ಟರ್ ಎಂಬ ಸುವಾಸನೆಯ ವಸ್ತು ಆಗುವ ಪ್ರಯೋಗವೂ ಹೀಗೇ. ಅದರಲ್ಲಿ ಪ್ರಬಲ ಸಲ್ಫ್ಯೂರಿಕ್ ಆಮ್ಲ ಇರುವುದರಿಂದ ಬೆರೆಸುವ ಕೆಲಸ ನಿಮ್ಮದು. ಆದರೆ ಹಣ್ಣಿನಂಥ ಆ ವಾಸನೆ ಯಾವ ಫೋನಿನಿಂದಲೂ ಬರುವುದಿಲ್ಲ, ಅಲ್ವಾ? ಹೈಡ್ರೋಜನ್ ಉರಿಯುವಾಗಿನ "ಪಾಪ್" ಸದ್ದು, ಸತು ಮತ್ತು ಆಮ್ಲ ಸೇರಿದ ಪ್ರನಾಳ ಬೆಚ್ಚಗಾಗುವುದು, ಇವೆಲ್ಲ ಲ್ಯಾಬಿನ ಪಾಲು.

ನಿಧಾನದ ಪ್ರಯೋಗಗಳಿಗೆ ಫೋನ್ ತುಂಬಾ ಒಳ್ಳೆಯ ಜೊತೆಗಾರ. ನೀರಿನ ವಿದ್ಯುದ್ವಿಭಜನೆಯಲ್ಲಿ ಅನಿಲ 2:1ರ ಪ್ರಮಾಣದಲ್ಲಿ ತುಂಬುವುದನ್ನು ಒಂದು ಪೀರಿಯಡ್ಡಿನಲ್ಲಿ ನೋಡುವುದು ಕಷ್ಟ. ಬೆಳಿಗ್ಗೆ ಜೋಡಿಸಿಡಿ. ಪ್ರತಿ 10 ನಿಮಿಷಕ್ಕೊಂದು ಫೋಟೋ ತೆಗೆದು, ಸಂಜೆ ಕ್ರಮವಾಗಿ ಗ್ರೂಪಿಗೆ ಹಾಕಿ. ಕಬ್ಬಿಣ ತುಕ್ಕು ಹಿಡಿಯುವ ಪ್ರಯೋಗಕ್ಕೆ ದಿನಕ್ಕೊಂದು ಫೋಟೋ ಸಾಕು.

ಹೆಜ್ಜೆ 2: ಮನೆಯ ಫೋನು ಯಾರ ಕೈಯಲ್ಲಿದೆ?

ಇದನ್ನು ಕೇಳದೆ ಮುಂದೆ ಹೋಗಬೇಡಿ. "ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆಯಾ?" ಎಂದರೆ ಹೆಚ್ಚಿನವರು ಕೈ ಎತ್ತುತ್ತಾರೆ. ಕೇಳಬೇಕಾದ್ದು ಬೇರೆ. ಆ ಫೋನ್ ಯಾರದ್ದು? ಅವರು ಮನೆಗೆ ಎಷ್ಟು ಹೊತ್ತಿಗೆ ಬರುತ್ತಾರೆ? ಮನೆಯಲ್ಲಿ ಸಿಗ್ನಲ್ ಸಿಗುತ್ತದೆಯಾ? ಅಪ್ಪ ರಾತ್ರಿ ಒಂಬತ್ತಕ್ಕೆ ಬಂದು, ಅಣ್ಣನ ಕೆಲಸ ಮುಗಿದು, ಆಮೇಲೆ ಇವಳ ಕೈಗೆ ಫೋನ್ ಬರುವುದಾದರೆ ಅವಳಿಗೆ ಸಿಗುವುದು ಹತ್ತು ನಿಮಿಷ. ನಿಮ್ಮ ವಿಡಿಯೋ ಅಷ್ಟರಲ್ಲಿ ಮುಗಿಯಬೇಕು. ಮಲೆನಾಡಿನ ಊರುಗಳಲ್ಲಿ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದ್ದನ್ನು ನಾವು ನೋಡಿದ್ದೇವೆ. ಮತ್ತೆ ಅದನ್ನು ಮಾಡಿಸುವುದು ಬೇಡ.

ಬುಧವಾರದ ಲ್ಯಾಬಿಗೆ ಶನಿವಾರ ಮಧ್ಯಾಹ್ನವೇ ವಿಡಿಯೋ ಕಳಿಸಿ. ನಡುವೆ ಒಂದು ಭಾನುವಾರ ಸಿಗುತ್ತದೆ. ಫೋನ್ ಇಲ್ಲದ ಮಗುವಿಗೆ ಅದೇ ಬೀದಿಯಲ್ಲಿ ಒಬ್ಬ ಜೊತೆಗಾರನನ್ನು ಗೊತ್ತು ಮಾಡಿ. ಶಾಲೆಯ ಕಂಪ್ಯೂಟರಿನಲ್ಲೂ ಒಂದು ಪ್ರತಿ ಇರಲಿ, ಊಟದ ಬಿಡುವಿನಲ್ಲಿ ನೋಡಬಹುದು. ಜೊತೆಗೆ ಕೈಯಲ್ಲಿ ಬರೆದ ಚಿತ್ರದ ಒಂದು ಹಾಳೆಯೂ ಇರಲಿ. "ಯಾರು ನೋಡಿಲ್ಲ, ಎದ್ದು ನಿಲ್ಲಿ" ಎಂಬ ಮಾತಿನಿಂದ ಲ್ಯಾಬ್ ಶುರುವಾಗಲೇಬಾರದು. ಫೋನ್ ಇಲ್ಲದಿರುವುದು ಮಗುವಿನ ತಪ್ಪಲ್ಲ.

ಹೆಜ್ಜೆ 3: ವಿಡಿಯೋ ನೀವೇ ಮಾಡಿ, ಕೊನೆಯನ್ನು ಮಾತ್ರ ತೋರಿಸಬೇಡಿ

ಯೂಟ್ಯೂಬಿನಲ್ಲಿ ಎಲ್ಲ ಪ್ರಯೋಗಗಳ ವಿಡಿಯೋಗಳೂ ಇವೆ. ಆದರೂ ನಿಮ್ಮ ಲ್ಯಾಬಿನಲ್ಲಿ, ನಿಮ್ಮ ಧ್ವನಿಯಲ್ಲಿ, ನಿಮ್ಮದೇ ಪ್ರನಾಳ ಹಿಡಿದು ಮಾಡಿದ ವಿಡಿಯೋಗೆ ಬೇರೆಯೇ ಬೆಲೆ. ಮಕ್ಕಳು ಲ್ಯಾಬಿಗೆ ಬಂದಾಗ ಅದೇ ಸಾಮಾನು ಮುಂದೆ ಇರುತ್ತದೆ. ಹೊಸದೆಂಬ ಹೆದರಿಕೆ ಇರುವುದಿಲ್ಲ.

ಮಾಡುವುದು ಕಷ್ಟವಲ್ಲ. ಪುಸ್ತಕಗಳ ಕಟ್ಟಿಗೆ ಫೋನ್ ಅಡ್ಡಲಾಗಿ ಒರಗಿಸಿ. ಪ್ರನಾಳದ ಹಿಂದೆ ಒಂದು ಬಿಳಿ ಡ್ರಾಯಿಂಗ್ ಶೀಟ್ ನಿಲ್ಲಿಸಿ, ಇಲ್ಲದಿದ್ದರೆ ಬಣ್ಣ ಸರಿಯಾಗಿ ಕಾಣುವುದಿಲ್ಲ. ಫ್ಯಾನ್ ಆರಿಸಿ. ಕಿಟಕಿಯ ಬೆಳಕು ಮುಂದಿನಿಂದ ಬರಲಿ. ನಾಲ್ಕು ನಿಮಿಷ ಮೀರಬೇಡಿ. ಕೈಯ ಕೆಲಸವನ್ನು ಹತ್ತಿರದಿಂದ ತೋರಿಸಿ: ಡ್ರಾಪರನ್ನು ಮೊದಲು ಒತ್ತಿ, ಆಮೇಲೆ ದ್ರಾವಣಕ್ಕೆ ಇಳಿಸಿ, ನಿಧಾನಕ್ಕೆ ಬಿಡುವುದು, ಹನಿ ಹಾಕುವಾಗ ತುದಿ ಪ್ರನಾಳದ ಗೋಡೆಗೆ ತಾಗದಂತೆ ಹಿಡಿಯುವುದು. ಒಂದು ಕಡೆ ಬೇಕೆಂದೇ ತಪ್ಪು ಮಾಡಿ. ದೀಪ ಹಚ್ಚುವ ಮೊದಲು, ಪ್ರನಾಳದ ಬಾಯಿ ನಿಮ್ಮ ಕಡೆಗೇ ಇರುವಂತೆ ಹಿಡಿದು, "ನಾನು ಇಲ್ಲಿ ಏನು ತಪ್ಪು ಮಾಡಿದೆ?" ಅಂತ ಕೇಳಿ. ಇದನ್ನು ಹುಡುಕುವುದು ಮಕ್ಕಳಿಗೆ ಬಹಳ ಇಷ್ಟ.

ಈಗ ಮುಖ್ಯವಾದ ಮಾತು. ಮೊದಲ ವರ್ಷ ನಾನು ಪೂರ್ತಿ ವಿಡಿಯೋ ಕಳಿಸಿದ್ದೆ, ಫಲಿತಾಂಶದ ಸಮೇತ. ಲ್ಯಾಬಿನಲ್ಲಿ ಮಕ್ಕಳು ತಾಮ್ರದ ಸಲ್ಫೇಟಿನಲ್ಲಿ ಮೊಳೆ ಇಳಿಸಿದರು. ಎದುರಿಗಿದ್ದ ದ್ರಾವಣ ಇನ್ನೂ ನೀಲಿಯಾಗಿಯೇ ಇತ್ತು. ಆದರೆ ಅರ್ಧ ತರಗತಿ "ದ್ರಾವಣ ಹಸಿರಾಯಿತು" ಅಂತ ಬರೆಯಿತು. ಅವರು ಪ್ರನಾಳವನ್ನು ನೋಡಿರಲಿಲ್ಲ, ವಿಡಿಯೋವನ್ನು ನೆನಪು ಮಾಡಿಕೊಂಡಿದ್ದರು. ಅದು ಅವರ ತಪ್ಪಲ್ಲ, ನೋಡುವ ಮೊದಲೇ ಉತ್ತರ ಕೊಟ್ಟವನು ನಾನು. ಅಂದಿನಿಂದ ಬಣ್ಣ ಬದಲಾಗುವ ಹೊತ್ತಿಗೆ ವಿಡಿಯೋ ನಿಲ್ಲಿಸುತ್ತೇನೆ. ದಾರಿ ಪೂರ್ತಿ ತೋರಿಸುತ್ತೇನೆ. ಏನಾಯಿತು ಎಂಬುದನ್ನು ಅವರು ತಮ್ಮ ಬೆಂಚಿನ ಮೇಲೆಯೇ ನೋಡಬೇಕು.

ಸಿಮ್ಯುಲೇಶನ್ನುಗಳನ್ನೂ ಇದೇ ಎಚ್ಚರದಿಂದ ಬಳಸಿ. ಕಾಣದ ಕಣಗಳನ್ನು ತೋರಿಸಲು ಅವು ತುಂಬಾ ಒಳ್ಳೆಯವು. ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್ನುಗಳು ಉಚಿತ, ಕೆಲವು ಕನ್ನಡದಲ್ಲೂ ಇವೆ. ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಓಡುತ್ತವೆ. ಸಮೀಕರಣ ಸರಿದೂಗಿಸುವುದಕ್ಕೆ ಒಂದು ಇದೆ, ಪಿಎಚ್ ಅಳತೆಗೆ, ಅಂದರೆ ದ್ರಾವಣ ಎಷ್ಟು ಆಮ್ಲ, ಎಷ್ಟು ಪ್ರತ್ಯಾಮ್ಲ ಎಂದು ನೋಡಲು, ಇನ್ನೊಂದು. ಅಮೃತ ವಿಶ್ವ ವಿದ್ಯಾಪೀಠಂ ಮತ್ತು ಮುಂಬೈಯ ಸಿ-ಡ್ಯಾಕ್ ಸೇರಿ ಮಾಡಿದ ಓ-ಲ್ಯಾಬ್ಸ್‌ನಲ್ಲಿ 9ರಿಂದ 12ನೇ ತರಗತಿವರೆಗಿನ ಪ್ರಯೋಗಗಳಿವೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸರ್ಕಾರದ ದೀಕ್ಷಾ ಜಾಲತಾಣದ ಪಾಠಗಳು ಸಿಗುತ್ತವೆ. ಪಿಎಚ್ ಸಿಮ್ಯುಲೇಶನ್ನಿಗೆ ಸುಮ್ನೆ "ಆಡಿ ನೋಡಿ" ಅನ್ನಬೇಡಿ, ಒಂದು ಕೆಲಸ ಕೊಡಿ: "ಆಮ್ಲಕ್ಕೆ ನೀರು ಸೇರಿಸುತ್ತಾ ಹೋಗಿ. ಪಿಎಚ್ 7 ದಾಟುತ್ತದೆಯಾ?" ದಾಟುವುದಿಲ್ಲ. ಯಾಕೆ ಎಂಬುದನ್ನು ತರಗತಿಯಲ್ಲಿ ಮಾತಾಡಿ.

ಹೆಜ್ಜೆ 4: ಬಾಗಿಲ ಬಳಿ ಒಂದು ಚೀಟಿ

ಲ್ಯಾಬಿಗೆ ಬರುವ ಪ್ರತಿ ಮಗುವೂ ಒಂದು ಚೀಟಿ ತರಲಿ. ಅದರಲ್ಲಿ ಜೋಡಣೆಯ ಚಿತ್ರ ಇರಬೇಕು, ಕೈಯಲ್ಲೇ ಬರೆದದ್ದು. "ಏನಾಗಬಹುದು, ಯಾಕೆ?" ಎಂಬುದಕ್ಕೆ ಒಂದು ಸಾಲಿನ ಊಹೆ. "ಎಲ್ಲಿ ಅಪಾಯ ಆಗಬಹುದು?" ಎಂಬುದಕ್ಕೆ ಇನ್ನೊಂದು ಸಾಲು. ಊಹೆ ತಪ್ಪಾದರೆ ಅಂಕ ಕಳೆಯಬೇಡಿ. ಚೀಟಿ ತರದವರು ಮೊದಲ ಐದು ನಿಮಿಷ ಲ್ಯಾಬಿನ ಫೋನಿನಲ್ಲಿ ವಿಡಿಯೋ ನೋಡಿ, ಅಲ್ಲೇ ಚಿತ್ರ ಬರೆದು ಸೇರಿಕೊಳ್ಳಲಿ.

ಹೆಜ್ಜೆ 5: ಲ್ಯಾಬಿನ ದಿನ, ಒಂದು ಪೂರ್ತಿ ಉದಾಹರಣೆ

ಸಾಧ್ಯವಾದರೆ ಹೆಡ್‌ಮಾಸ್ಟರನ್ನು ಕೇಳಿ ಎರಡು ಪೀರಿಯಡ್ ಒಟ್ಟಿಗೆ ಹಾಕಿಸಿಕೊಳ್ಳಿ. 50 ಮಕ್ಕಳಲ್ಲಿ 25 ಮಂದಿ ಬೆಂಚಿನ ಮೇಲೆ, ಉಳಿದ 25 ಮಂದಿ ಕಂಪ್ಯೂಟರ್ ಮುಂದೆ ಅಥವಾ ಚೀಟಿಯ ಪ್ರಶ್ನೆಗಳ ಮೇಲೆ. ಎರಡನೇ ಪೀರಿಯಡ್ಡಿಗೆ ಅದಲು ಬದಲು. 25 ಮಂದಿಯಲ್ಲಿ ಮೂವರಿಗೊಂದು ಗುಂಪು ಮಾಡಿದರೆ ಎಂಟು ಗುಂಪು ಆಗುತ್ತದೆ, ಒಂದರಲ್ಲಿ ನಾಲ್ವರು. ಒಬ್ಬರು ಕೈ, ಒಬ್ಬರು ಕಣ್ಣು, ಒಬ್ಬರು ಪೆನ್ನು. ಮುಂದಿನ ಪ್ರಯೋಗಕ್ಕೆ ಪಾತ್ರ ಬದಲಾಗಲೇಬೇಕು. ಇಲ್ಲದಿದ್ದರೆ ಧೈರ್ಯ ಇರುವ ಮಗು ಪ್ರತಿ ಸಲ ಪ್ರನಾಳ ಹಿಡಿಯುತ್ತದೆ, ಅಕ್ಷರ ಚೆಂದ ಇರುವ ಹುಡುಗಿ ವರ್ಷಪೂರ್ತಿ ಬರೆಯುತ್ತಲೇ ಇರುತ್ತಾಳೆ.

ಉದಾಹರಣೆಗೆ ಸ್ಥಾನಪಲ್ಲಟ ಕ್ರಿಯೆಯನ್ನು, ಅಂದರೆ ದ್ರಾವಣದಲ್ಲಿರುವ ಒಂದು ಲೋಹವನ್ನು ಇನ್ನೊಂದು ಲೋಹ ಹೊರದೂಡಿ ಅದರ ಜಾಗಕ್ಕೆ ಸೇರುವುದನ್ನು, ತೆಗೆದುಕೊಳ್ಳುತ್ತೇನೆ. ಇದು ಅಡಿಕೆ ಬೆಳೆಯುವ ಮನೆಯ ಮಕ್ಕಳಿಗೆ ಮೊದಲೇ ಗೊತ್ತಿರುವ ವಿಷಯ, ಹೆಸರು ಮಾತ್ರ ಗೊತ್ತಿಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಮೈಲುತುತ್ತ ಅಂದರೆ ನಮ್ಮ ತಾಮ್ರದ ಸಲ್ಫೇಟೇ. ದ್ರಾವಣ ಹದವಾಗಿದೆಯಾ ಅಂತ ನೋಡಲು ಅದರಲ್ಲಿ ಒಂದು ಕಬ್ಬಿಣದ ಚಾಕು ಅದ್ದುತ್ತಾರೆ. ಚಾಕು ಕೆಂಪಗಾದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು. ಶನಿವಾರ ಕಳಿಸುವ ಸಂದೇಶದಲ್ಲಿ ಒಂದೇ ಪ್ರಶ್ನೆ: "ಚಾಕು ಯಾಕೆ ಕೆಂಪಗಾಗುತ್ತದೆ? ಮನೆಯಲ್ಲಿ ಅಜ್ಜನನ್ನೋ ಅಪ್ಪನನ್ನೋ ಕೇಳಿ, ಅವರು ಹೇಳಿದ್ದನ್ನು ಒಂದು ನಿಮಿಷದ ಆಡಿಯೋ ಮಾಡಿ ಕಳಿಸಿ." ಬಂದ ಆಡಿಯೋಗಳಲ್ಲಿ ಎರಡನ್ನು ಲ್ಯಾಬಿನಲ್ಲಿ ಕೇಳಿಸಿ. ತೋಟದ ಕೆಲಸ ಪಾಠದೊಳಗೆ ಬಂದಾಗ ಕೆಲವು ಮಕ್ಕಳ ಮುಖವೇ ಬದಲಾಗುತ್ತದೆ.

ಪ್ರತಿ ಗುಂಪಿಗೂ ಮೂರು ಪ್ರನಾಳ, ಒಂದೊಂದರಲ್ಲಿ 5 ಮಿ.ಲೀ. ತಾಮ್ರದ ಸಲ್ಫೇಟ್ ದ್ರಾವಣ. ಎರಡರಲ್ಲಿ 1% ದ್ರಾವಣ, ಅಂದರೆ 100 ಮಿ.ಲೀ.ಗೆ 1 ಗ್ರಾಂ. ಮೂರನೆಯದರಲ್ಲಿ 5%. ಲೆಕ್ಕ ಹಾಕಿ ನೋಡಿ, ಇಡೀ ಸೆಕ್ಷನ್ನಿಗೆ 6 ಗ್ರಾಂ ಮೈಲುತುತ್ತ ಸಾಕು. ಮೊದಲನೆಯದರಲ್ಲಿ ಮೊಳೆ ಬೇಡ, ಅದು ಹೋಲಿಸಿ ನೋಡಲು. ಉಳಿದ ಎರಡರಲ್ಲಿ ದಾರ ಕಟ್ಟಿದ ಮೊಳೆ ಇಳಿಸಿ 20 ನಿಮಿಷ ಬಿಡಿ. ಮೊಳೆಯನ್ನು ಸ್ಯಾಂಡ್ ಪೇಪರಿನಲ್ಲಿ ಚೆನ್ನಾಗಿ ಉಜ್ಜಿರಬೇಕು. ಹೊಳೆಯುವ ಹೊಸ ಮೊಳೆಗೆ ಸತುವಿನ ಲೇಪ ಇರಬಹುದು, ಆಗ ಮೊದಲು ಕಪ್ಪು ಪದರ ಕಾಣುತ್ತದೆ. ಹಾಗಾಗಿ ಮಾಮೂಲಿ ಕಬ್ಬಿಣದ ಮೊಳೆಯನ್ನೇ ಕೇಳಿ ತನ್ನಿ.

ಮಕ್ಕಳು ಬರೆಯಬೇಕಾದ್ದು: ಮೊಳೆಯ ಮೇಲೆ ಕೆಂಗಂದು ಬಣ್ಣ ಮೊದಲು ಕಂಡದ್ದು ಎಷ್ಟು ಸೆಕೆಂಡಿಗೆ? 20 ನಿಮಿಷದ ನಂತರ ಮೂರು ಪ್ರನಾಳಗಳನ್ನೂ ಬಿಳಿ ಹಾಳೆಯ ಮುಂದೆ ಹಿಡಿದರೆ ಏನು ವ್ಯತ್ಯಾಸ? 1% ದ್ರಾವಣದ ನೀಲಿ ತೆಳುವಾದದ್ದು ಹೋಲಿಸಿದಾಗ ಗೊತ್ತಾಗುತ್ತದೆ. 5% ದ್ರಾವಣದಲ್ಲಿ ಬಣ್ಣ ಹಾಗೇ ಇದ್ದಂತೆ ಕಾಣುತ್ತದೆ, ಮೊಳೆ ಮಾತ್ರ ಬದಲಾಗಿರುತ್ತದೆ. ಪುಸ್ತಕದಲ್ಲಿರುವ ಹಸಿರು ಕಾಣದಿದ್ದರೆ "ಕಾಣಲಿಲ್ಲ" ಎಂದೇ ಬರೆಯಲಿ. ಆ ಹಸಿರು ತುಂಬಾ ತೆಳು. ಪ್ರನಾಳಗಳನ್ನು ತೊಳೆಯಬೇಡಿ. ಮರುದಿನ ಬೆಳಿಗ್ಗೆ ಒಂದು ಫೋಟೋ ತೆಗೆದು ಗ್ರೂಪಿಗೆ ಹಾಕಿ. ಆಗ ನೋಡಿ ಚರ್ಚೆ.

ಹೆಜ್ಜೆ 6: ಲ್ಯಾಬ್ ಮುಗಿದ ಮೇಲೆ ಎಲ್ಲರ ಲೆಕ್ಕ ಒಂದೇ ಕಡೆ

ಎರಡು ತಂಡಗಳ 16 ಗುಂಪುಗಳ ಸೆಕೆಂಡುಗಳನ್ನು ಒಂದು ಗೂಗಲ್ ಶೀಟಿನಲ್ಲಿ ಹಾಕಿ, ಅಥವಾ ಬೋರ್ಡಿನ ಮೇಲೆ ಬರೆದು ಫೋಟೋ ತೆಗೆದು ಕಳಿಸಿ. ಸಂಖ್ಯೆಗಳು ಒಂದೇ ರೀತಿ ಇರುವುದಿಲ್ಲ. ಆ ವ್ಯತ್ಯಾಸದಲ್ಲೇ ಪಾಠ ಇದೆ. ಯಾರು ಮೊಳೆಯನ್ನು ಚೆನ್ನಾಗಿ ಉಜ್ಜಿದ್ದರು? ಯಾರ ಮೊಳೆಗೆ ಕೈಯ ಎಣ್ಣೆ ತಾಗಿತ್ತು? ಸಿಮ್ಯುಲೇಶನ್ನಿನಲ್ಲಿ ಎಲ್ಲರಿಗೂ ಒಂದೇ ಉತ್ತರ ಬರುತ್ತದೆ, ನಿಜವಾದ ಮೊಳೆ ಹಾಗಲ್ಲ. ಈ ಚರ್ಚೆಗೆ ವಾಟ್ಸ್ಆ್ಯಪ್ಪೇ ಸಾಕು. ತರಗತಿಯಲ್ಲಿ ಬಾಯಿ ಬಿಡದ ಮಕ್ಕಳು ಇಲ್ಲಿ ಆಡಿಯೋ ಕಳಿಸುವುದನ್ನು ನಾನು ಕಂಡಿದ್ದೇನೆ.

ಹೆಜ್ಜೆ 7: ಅಡುಗೆಮನೆಯ ಪ್ರಯೋಗ

ಆಮ್ಲ ಮತ್ತು ಪ್ರತ್ಯಾಮ್ಲದ ಪಾಠಕ್ಕೆ ಮನೆಗಿಂತ ಒಳ್ಳೆಯ ಲ್ಯಾಬ್ ಇಲ್ಲ. ಶುಭಕಾರ್ಯದಲ್ಲಿ ಎತ್ತುವ ಕೆಂಪು ಆರತಿಯ ನೀರು ಎಲ್ಲರಿಗೂ ಗೊತ್ತು. ಅರಿಶಿನದ ನೀರಿಗೆ ಸುಣ್ಣ ಬೀಳುತ್ತಲೇ ಕೆಂಪು. ಅದಕ್ಕೇ ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ಸೂಚಕ ಅಂದರೆ ಏನು ಎಂದು ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬಾರದು. ಆಮೇಲೆ ಒಂದು ತೊಡಕಿನ ಪ್ರಶ್ನೆ ಕೊಡಿ: "ನಿಂಬೆರಸದಲ್ಲೂ ಅರಿಶಿನ ಹಳದಿ, ಬರೀ ನೀರಿನಲ್ಲೂ ಹಳದಿ. ಹಾಗಾದರೆ ಅರಿಶಿನದಿಂದ ಆಮ್ಲವನ್ನು ಗುರುತಿಸಬಹುದಾ?" ಗುರುತಿಸಲಾಗದು. ಅದಕ್ಕೆ ಕೆಂಪು ದಾಸವಾಳ ಬೇಕು. ಅದರ ಎಸಳನ್ನು ಬಿಸಿನೀರಿನಲ್ಲಿ ನೆನೆಸಿದ ರಸ ಆಮ್ಲದಲ್ಲಿ ಕಡು ಗುಲಾಬಿ, ಪ್ರತ್ಯಾಮ್ಲದಲ್ಲಿ ಹಸಿರು. ಹುಳಿ ಮಜ್ಜಿಗೆ, ಹುಣಸೆ ನೀರು, ಅಡುಗೆ ಸೋಡಾ, ಸೋಪಿನ ನೀರು, ಬೋರ್‌ವೆಲ್ ನೀರು, ಎಲ್ಲದಕ್ಕೂ ಎರಡೆರಡು ಹನಿ ಹಾಕಿ ಫೋಟೋ ಕಳಿಸಲಿ. ಖಾಲಿ ಮಾತ್ರೆಯ ಪಟ್ಟಿಯ ಕುಳಿಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ.

ಮನೆಯ ಪ್ರಯೋಗಕ್ಕೆ ನಿಯಮಗಳು ಗಟ್ಟಿಯಾಗಿರಲಿ. ಇವನ್ನು ಪೋಷಕರಿಗೂ ಕಳಿಸಿ.

- ಟಾಯ್ಲೆಟ್ ತೊಳೆಯುವ ಆಸಿಡ್ ಮುಟ್ಟಲೇಬಾರದು. ಅದು ಬ್ಲೀಚಿಂಗ್ ಪೌಡರ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಜೀವಕ್ಕೆ ಅಪಾಯ.
- ಸುಣ್ಣವನ್ನು ದೊಡ್ಡವರೇ ಹಾಕಬೇಕು. ಕಣ್ಣಿಗೆ ಸಿಡಿದರೆ ದೃಷ್ಟಿಗೇ ಕುತ್ತು. ಸಿಡಿದರೆ ತಕ್ಷಣ ಧಾರಾಳ ನೀರಿನಲ್ಲಿ ತೊಳೆಯುತ್ತಲೇ ಇದ್ದು, ಆಸ್ಪತ್ರೆಗೆ ಕರೆದೊಯ್ಯಬೇಕು.
- ಬೆಂಕಿ ಬೇಕಾಗುವ ಯಾವ ಪ್ರಯೋಗವೂ ಮನೆಗೆ ಇಲ್ಲ. ದಾಸವಾಳಕ್ಕೆ ಬಿಸಿನೀರನ್ನು ಅಮ್ಮನೇ ಕೊಡಲಿ.
- ಪ್ರಯೋಗಕ್ಕೆ ಬಳಸಿದ್ದನ್ನು ತಿನ್ನುವಂತಿಲ್ಲ, ಕುಡಿಯುವಂತಿಲ್ಲ.

ಹೆಜ್ಜೆ 8: ಅಂಕ ಯಾವುದಕ್ಕೆ

ಪ್ರಯೋಗದ ನೋಟ್‌ಬುಕ್ ಚೆಂದವಾಗಿದೆ ಎಂದು ಮಾತ್ರ ಅಂಕ ಕೊಟ್ಟರೆ ಮಕ್ಕಳು ನಕಲು ಮಾಡುತ್ತಾರೆ. ಪ್ರತಿ ಪೀರಿಯಡ್ಡಿಗೆ ಐದು ಮಕ್ಕಳನ್ನು ಆರಿಸಿಕೊಂಡು ಅವರ ಕೈಯನ್ನು ಗಮನಿಸಿ. ಪ್ರನಾಳಕ್ಕೆ ಹೆಸರು ಅಂಟಿಸಿದರಾ? ವಾಸನೆ ನೋಡುವಾಗ ಮೂಗನ್ನೇ ಹತ್ತಿರ ಒಯ್ದರಾ, ಕೈ ಬೀಸಿ ನೋಡಿದರಾ? ಚೆಲ್ಲಿದ್ದನ್ನು ಒರೆಸಿದರಾ? ಹತ್ತು ಪೀರಿಯಡ್ಡಿನಲ್ಲಿ ಇಡೀ ತರಗತಿ ಮುಗಿಯುತ್ತದೆ. ಇನ್ನು ಕೆಲವು ಅಂಕ ಚೀಟಿಯ ಊಹೆಯನ್ನೂ ನಿಜವಾಗಿ ಕಂಡದ್ದನ್ನೂ ಹೋಲಿಸಿ ಬರೆದ ನಾಲ್ಕು ಸಾಲಿಗೆ. ಊಹೆ ತಪ್ಪಿತ್ತು ಅಂತ ಕಾರಣ ಸಮೇತ ಬರೆದ ಮಗುವಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಕೊನೆಗೆ, ತೊಳೆಯುವ ಕೆಲಸ

ಇದನ್ನು ಯಾವ ವಿಡಿಯೋವೂ ಸರಿಯಾಗಿ ಕಲಿಸುವುದಿಲ್ಲ. ಆಮ್ಲವನ್ನು ದುರ್ಬಲಗೊಳಿಸುವುದು ಪೂರ್ತಿ ನಿಮ್ಮ ಕೆಲಸ, ಮಕ್ಕಳು ಬರುವ ಮೊದಲೇ ಮುಗಿದಿರಲಿ. ಯಾವಾಗಲೂ ನೀರಿಗೆ ಆಮ್ಲ, ಆಮ್ಲಕ್ಕೆ ನೀರಲ್ಲ. ಪೀರಿಯಡ್ಡಿನ ಕೊನೆಯ ಐದು ನಿಮಿಷ ತೊಳೆಯುವುದಕ್ಕೇ ಮೀಸಲು.

ತಾಮ್ರದ ಸಲ್ಫೇಟ್ ದ್ರಾವಣವನ್ನು ಸಿಂಕಿಗೆ ಸುರಿಯಬೇಡಿ. ಅದು ಮೀನಿಗೂ ಕೆರೆಗೂ ವಿಷ. ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಬಕೆಟ್ ಇಡಿ, ಎಲ್ಲ ನೀಲಿ ದ್ರಾವಣವೂ ಅದಕ್ಕೇ ಹೋಗಲಿ. ಅದರೊಳಗೆ ಹಳೆಯ ಕಬ್ಬಿಣದ ಮೊಳೆ, ತುಂಡು ತಂತಿ ಹಾಕಿಡಿ. ದಿನ ಕಳೆದಂತೆ ನೀಲಿ ಬಣ್ಣ ಹೋಗಿ ತಳದಲ್ಲಿ ಕೆಂಗಂದು ಪುಡಿ ಕೂರುತ್ತದೆ. ಮೊದಲ ದಿನದ ಒಂದು ಫೋಟೋ, ತಿಂಗಳ ನಂತರದ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮುಂದಿನ ಜೂನ್‌ನಲ್ಲಿ ಹೊಸ ಮಕ್ಕಳ ಗ್ರೂಪಿಗೆ ಹೋಗುವ ಮೊದಲ ಪ್ರಶ್ನೆ ಅದೇ: "ಈ ಬಕೆಟ್‌ನಲ್ಲಿ ಏನಾಯಿತು?"